ಆರೋಗ್ಯ ಪ್ರಶ್ನೋತ್ತರ: ಸಿಟಿ ಯಂತ್ರದೊಳಗೆ ಎಕ್ಸ್-ರೇ ಹುಟ್ಟುವುದು ಹೇಗೆ, ಸೆರೆಯಾಗುವುದು ಹೇಗೆ?

ಪ್ರಶ್ನೆ: ಸಿಟಿ ಯಂತ್ರದಲ್ಲಿ ಎಕ್ಸ್-ರೇ ಎಲ್ಲಿಂದ ಬರುತ್ತದೆ? ಒಳಗೆ ವಿಕಿರಣ ಸೂಸುವ ವಸ್ತು ಏನಾದರೂ ಇಟ್ಟಿರುತ್ತಾರೆಯೇ?
– ಓದುಗರು, ಹಲಸೂರು

ಉತ್ತರ: ಸಿಟಿ ಯಂತ್ರದಲ್ಲಿ ಅಂಥ ವಸ್ತು ಇರುವುದಿಲ್ಲ. ಎಕ್ಸ್-ರೇ ಅಲ್ಲಿ ಹುಟ್ಟುವುದು ವಿದ್ಯುತ್ತಿನಿಂದ, ಅದೂ ಟ್ಯೂಬಿಗೆ ವಿದ್ಯುತ್ ಹರಿಯುವಷ್ಟು ಹೊತ್ತು ಮಾತ್ರ. ರೋಗಿ ಮಲಗಿದ ಮಂಚ ಒಳಸರಿಯುವ ದೊಡ್ಡ ಉಂಗುರಕ್ಕೆ ಗ್ಯಾಂಟ್ರಿ ಎಂದು ಹೆಸರು. ಗಾಳಿಯನ್ನು ಪೂರ್ತಿ ಹೊರತೆಗೆದ ಎಕ್ಸ್-ರೇ ಟ್ಯೂಬ್ ಇರುವುದು ಅದರ ಹೊದಿಕೆಯ ಹಿಂದೆ. ಟ್ಯೂಬಿನ ಒಂದು ಬದಿಯಲ್ಲಿ ಟಂಗ್‌ಸ್ಟನ್ ತಂತಿಯ ಸಣ್ಣ ಸುರುಳಿ, ಎದುರು ಬದಿಯಲ್ಲಿ ಟಂಗ್‌ಸ್ಟನ್ ಲೇಪಿಸಿದ ತಟ್ಟೆ. ಸುರುಳಿ 2,000 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಇವೆರಡರ ನಡುವೆ 80ರಿಂದ 140 ಕಿಲೋವೋಲ್ಟ್ ಒತ್ತಡ ಹಾಕಲಾಗುತ್ತದೆ. ಸಾಮಾನ್ಯವಾಗಿ ಬಳಸುವ 120 ಕಿಲೋವೋಲ್ಟ್ ಎಂದರೆ ಮನೆಯ 230 ವೋಲ್ಟಿನ ಐನೂರು ಪಟ್ಟಿಗೂ ಹೆಚ್ಚು. ಆ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳು ಬೆಳಕಿನ ಅರ್ಧ ವೇಗವನ್ನೂ ಮೀರಿ ಓಡಿ ತಟ್ಟೆಗೆ ಬಡಿಯುತ್ತವೆ.

ಬಡಿದಾಗ ಎರಡು ಬಗೆಯಲ್ಲಿ ಎಕ್ಸ್-ರೇ ಹೊಮ್ಮುತ್ತದೆ. ಟಂಗ್‌ಸ್ಟನ್ ಪರಮಾಣುವಿನ ನ್ಯೂಕ್ಲಿಯಸ್ ಬಳಿ ಹಾಯುವ ಎಲೆಕ್ಟ್ರಾನಿನ ದಾರಿ ಬಾಗಿ ವೇಗ ಕುಗ್ಗುತ್ತದೆ. ಅದು ಕಳೆದುಕೊಂಡ ಶಕ್ತಿಯೇ ಎಕ್ಸ್-ರೇ ಆಗುತ್ತದೆ. ಸಿಟಿಯಲ್ಲಿ ಬಳಕೆಯಾಗುವ ಕಿರಣದ ಬಹುಪಾಲು ಇದೇ. ಕೆಲವು ಎಲೆಕ್ಟ್ರಾನುಗಳು ಪರಮಾಣುವಿನ ಒಳಸುತ್ತಿನ ಎಲೆಕ್ಟ್ರಾನನ್ನೇ ಕಿತ್ತೆಸೆಯುತ್ತವೆ. ತೆರವಾದ ಜಾಗಕ್ಕೆ ಹೊರಸುತ್ತಿನ ಎಲೆಕ್ಟ್ರಾನ್ ಇಳಿಯುವಾಗ ಟಂಗ್‌ಸ್ಟನ್ನಿಗೇ ವಿಶಿಷ್ಟವಾದ, ಸುಮಾರು 59 ಮತ್ತು 67 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳು ಬರುತ್ತವೆ.

ಇಷ್ಟೆಲ್ಲ ಮಾಡಿದರೂ ಎಕ್ಸ್-ರೇ ಆಗಿ ಒದಗುವುದು ಶೇ 1ರಷ್ಟು ಶಕ್ತಿ. ಉಳಿದ ಶೇ 99 ಬರೀ ಬಿಸಿ. 120 ಕಿಲೋವೋಲ್ಟ್, 300 ಮಿಲಿಆಂಪಿಯರ್ ಎಂದರೆ 36 ಕಿಲೋವ್ಯಾಟ್: ಸ್ನಾನದ ಮನೆಯ ಹದಿನೆಂಟು ಗೀಸರುಗಳನ್ನು ಒಟ್ಟಿಗೆ ಹಾಕಿ, ಆ ಬಿಸಿಯನ್ನೆಲ್ಲ ಸುಮಾರು ಒಂದು ಮಿಲಿಮೀಟರ್ ಅಗಲದ ಚುಕ್ಕೆಗೆ ಸುರಿದ ಹಾಗೆ. 3,400 ಡಿಗ್ರಿಯವರೆಗೆ ಕರಗದ ಟಂಗ್‌ಸ್ಟನ್ ಕೂಡ ಒಂದೇ ಕಡೆ ಏಟು ಬಿದ್ದರೆ ತಾಳದು. ಆದ್ದರಿಂದಲೇ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ಟ್ಯೂಬಿನ ಸುತ್ತ ಎಣ್ಣೆ ಹರಿದು ಬಿಸಿಯನ್ನು ಹೊತ್ತೊಯ್ಯುತ್ತದೆ. ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಕೆಲವೊಮ್ಮೆ ಕಾಯಬೇಕಾಗಿ ಬರುವುದಕ್ಕೆ ಟ್ಯೂಬ್ ತಣಿಯಬೇಕಾಗಿರುವುದೂ ಒಂದು ಕಾರಣ. ಕೌಂಟರಿನಲ್ಲಿ ಕುಳಿತವರನ್ನು ಬೈದು ಪ್ರಯೋಜನವಿಲ್ಲ.

ಇಂಥ ಟ್ಯೂಬುಗಳು ತಯಾರಾಗುವ ಜಾಗ ಹಲಸೂರಿಗೆ ದೂರವೇನಲ್ಲ. ನೇರಳೆ ಮೆಟ್ರೊ ಪೂರ್ವಕ್ಕೆ ಹೋಗಿ ಮುಟ್ಟುವ ವೈಟ್‌ಫೀಲ್ಡ್‌ನಲ್ಲಿ ಜಿಇ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸೇರಿ 1997ರಲ್ಲಿ ಕಟ್ಟಿದ ಜಿಇ ಬಿಇ ಕಂಪನಿ ಸಿಟಿ ಟ್ಯೂಬುಗಳನ್ನೂ, ಅಧಿಕ ವೋಲ್ಟೇಜಿನ ಟ್ಯಾಂಕುಗಳನ್ನೂ, ಡಿಟೆಕ್ಟರ್ ಭಾಗಗಳನ್ನೂ ತಯಾರಿಸುತ್ತ ಬಂದಿದೆ.

ಪ್ರಶ್ನೆ: ಸ್ಕ್ಯಾನ್ ನಡೆಯುವಾಗ ಗುಂಯ್ ಎಂಬ ಸದ್ದು ಬರುತ್ತದಲ್ಲ, ಅದು ಏನು?

ಉತ್ತರ: ಟ್ಯೂಬು ಮತ್ತು ಅದರ ಎದುರಿಗಿರುವ ಡಿಟೆಕ್ಟರ್ ಸಾಲು ಒಟ್ಟಿಗೆ ರೋಗಿಯ ಸುತ್ತ ತಿರುಗುವ ಸದ್ದು ಅದು. ಅರ್ಧ ಸೆಕೆಂಡಿಗೆ ಒಂದು ಸುತ್ತು ಎಂದರೆ, ನಡುಬಿಂದುವಿನಿಂದ 60 ಸೆಂಟಿಮೀಟರ್ ದೂರದಲ್ಲಿರುವ ಟ್ಯೂಬು ತನ್ನ ತೂಕದ ಹತ್ತು ಪಟ್ಟಿನಷ್ಟು ಬಲವನ್ನು ತಡೆದುಕೊಳ್ಳಬೇಕು. ಮೊದಲಿನ ಯಂತ್ರಗಳಲ್ಲಿ ಕೇಬಲ್ ಸುತ್ತಿಕೊಳ್ಳುತ್ತಿತ್ತು. ಒಂದು ಸುತ್ತು ಹೋಗಿ ಮತ್ತೆ ಹಿಂದಕ್ಕೆ ಬರಬೇಕಿತ್ತು. ತಿರುಗುವ ಭಾಗಕ್ಕೆ ಸುತ್ತಿಕೊಳ್ಳುವ ಕೇಬಲ್ ಇಲ್ಲದೆಯೇ ವಿದ್ಯುತ್ ಮುಟ್ಟಿಸುವ ಸ್ಲಿಪ್ ರಿಂಗ್ 1980ರ ದಶಕದ ಕೊನೆಗೆ ಬಂದು ಈ ತೊಡಕನ್ನು ಬಿಡಿಸಿತು. ಈಗ ಟ್ಯೂಬು ನಿಲ್ಲದೆ ಸುತ್ತುತ್ತದೆ, ಮಂಚ ನಿಲ್ಲದೆ ಸರಿಯುತ್ತದೆ. ಎದೆಯ ಸ್ಕ್ಯಾನ್ ಒಂದೇ ಉಸಿರು ಹಿಡಿಯುವಷ್ಟರಲ್ಲಿ ಮುಗಿಯುವುದು ಇದರಿಂದ.

ಪ್ರಶ್ನೆ: ದೇಹ ದಾಟಿ ಬಂದ ಎಕ್ಸ್-ರೇಯನ್ನು ಯಂತ್ರ ಹಿಡಿಯುವುದು ಹೇಗೆ? ಫಿಲ್ಮ್ ಇರುತ್ತದೆಯೇ?

ಉತ್ತರ: ರೋಗಿಯ ಕೈಗೆ ಕೊಡುವ ಫಿಲ್ಮ್ ಕಂಪ್ಯೂಟರಿನಿಂದ ಮುದ್ರಿಸಿದ್ದು, ಯಂತ್ರದೊಳಗೆ ಫಿಲ್ಮ್ ಇಲ್ಲ. ಟ್ಯೂಬಿನ ಬಾಯಿಯಲ್ಲೇ ಲೋಹದ ಸೋಸುಹಾಳೆಗಳಿದ್ದು, ಚಿತ್ರಕ್ಕೆ ಉಪಯೋಗವಾಗದೆ ಚರ್ಮದಲ್ಲೇ ಇಂಗಿಹೋಗುವ ದುರ್ಬಲ ಕಿರಣಗಳನ್ನು ಅವು ತಡೆಯುತ್ತವೆ. ಉಳಿದದ್ದು ಬೀಸಣಿಗೆಯ ಆಕಾರದಲ್ಲಿ ದೇಹವನ್ನು ಹಾಯುತ್ತದೆ. ಮೂಳೆ ಹೆಚ್ಚು ನುಂಗುತ್ತದೆ, ಗಾಳಿ ತುಂಬಿದ ಶ್ವಾಸಕೋಶ ತೀರ ಕಡಿಮೆ. ಆಚೆ ಬದಿಗೆ ತಲುಪಿದ್ದೆಷ್ಟು ಎಂದು ಅಳೆಯುವುದೇ ಡಿಟೆಕ್ಟರಿನ ಕೆಲಸ.

ಕಮಾನಿನಂತೆ ಬಾಗಿದ ಒಂದು ಸಾಲಿನಲ್ಲಿ ಸುಮಾರು 900 ಡಿಟೆಕ್ಟರ್ ಕೋಶಗಳಿರುತ್ತವೆ. ಪ್ರತಿ ಕೋಶದ ಮೇಲ್ಪದರ ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್‌ನಂಥ ವಿಶೇಷ ಸೆರಾಮಿಕ್. ಎಕ್ಸ್-ರೇ ಬಿದ್ದರೆ ಅದು ಕಣ್ಣಿಗೆ ಕಾಣುವ ಬೆಳಕಾಗಿ ಮಿನುಗುತ್ತದೆ. ಕೆಳಗಿನ ಫೋಟೊಡಯೋಡ್ ಆ ಬೆಳಕನ್ನು ಸಣ್ಣ ವಿದ್ಯುತ್ತಾಗಿಸುತ್ತದೆ, ಮುಂದೆ ಅದು ಅಂಕಿಯಾಗಿ ಕಂಪ್ಯೂಟರಿಗೆ ಹೋಗುತ್ತದೆ. ಒಂದು ಸುತ್ತಿನಲ್ಲಿ ಸುಮಾರು ಸಾವಿರ ಸಲ ಈ ಅಳತೆ ನಡೆಯುತ್ತದೆ. ಅರ್ಧ ಸೆಕೆಂಡಿನ ಸುತ್ತಿನಲ್ಲಿ ಒಂದು ಅಳತೆಗೆ ಸಿಗುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಅಷ್ಟರೊಳಗೆ ಹಿಂದಿನ ಮಿನುಗು ಪೂರ್ತಿ ಆರಿರಬೇಕು. ಆರದಿದ್ದರೆ ಹಳೆಯ ಬೆಳಕು ಹೊಸ ಲೆಕ್ಕದಲ್ಲಿ ಬೆರೆತು ಚಿತ್ರ ಮಸುಕಾಗುತ್ತದೆ. ಒಂದು ಕಾಲದಲ್ಲಿ ಒತ್ತಡದಲ್ಲಿ ತುಂಬಿದ ಝೆನಾನ್ ಅನಿಲದ ಡಿಟೆಕ್ಟರುಗಳಿದ್ದವು. ಅವು ಬಿದ್ದ ಕಿರಣದ ಗಣನೀಯ ಪಾಲನ್ನು ಹಿಡಿಯದೆ ಬಿಡುತ್ತಿದ್ದವು. ಹಿಡಿಯದೆ ಬಿಟ್ಟ ಕಿರಣವೂ ರೋಗಿಯ ದೇಹವನ್ನು ಹಾದೇ ಬಂದದ್ದು. ಚಿತ್ರಕ್ಕೆ ದಕ್ಕದಿದ್ದರೂ ಅದರ ಡೋಸ್ ರೋಗಿಗೆ ತಗಲಿರುತ್ತದೆ. ಸೆರಾಮಿಕ್ ಬಂದ ಮೇಲೆ ಈ ನಷ್ಟ ಬಹಳ ಇಳಿಯಿತು.

ಹೊಸ ಪೀಳಿಗೆಯ ಫೋಟಾನ್ ಎಣಿಸುವ ಡಿಟೆಕ್ಟರಿನಲ್ಲಿ ಬೆಳಕಿನ ಮೆಟ್ಟಿಲೇ ಇಲ್ಲ. ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಪ್ರತಿ ಎಕ್ಸ್-ರೇ ಕಣವನ್ನೂ ನೇರ ವಿದ್ಯುತ್ ಮಿಡಿತವಾಗಿಸಿ, ಅದರ ಶಕ್ತಿ ಎಷ್ಟೆಂಬುದನ್ನೂ ದಾಖಲಿಸುತ್ತದೆ. ಅಮೆರಿಕದ ಎಫ್‌ಡಿಎ ಅಂಥ ಮೊದಲ ಸಿಟಿ ಯಂತ್ರಕ್ಕೆ ಒಪ್ಪಿಗೆ ಕೊಟ್ಟದ್ದು 2021ರ ಸೆಪ್ಟೆಂಬರಿನಲ್ಲಿ.

ಪ್ರಶ್ನೆ: ಸ್ಕ್ಯಾನ್ ಸೆಂಟರುಗಳ ಬೋರ್ಡಿನಲ್ಲಿ 16 ಸ್ಲೈಸ್, 128 ಸ್ಲೈಸ್ ಎಂದು ಬರೆದಿರುತ್ತಾರೆ. ಹೆಚ್ಚು ಇದ್ದಷ್ಟೂ ಒಳ್ಳೆಯದೇ?

ಉತ್ತರ: ಸ್ಲೈಸ್ ಎಂಬುದು ಒಂದು ಸುತ್ತಿನಲ್ಲಿ ಎಷ್ಟು ಪದರಗಳ ಮಾಹಿತಿ ಸಿಗುತ್ತದೆ ಎಂಬ ಲೆಕ್ಕ. ಅದು ಡಿಟೆಕ್ಟರ್ ಸಾಲುಗಳ ಸಂಖ್ಯೆಯೇ ಆಗಿರಬೇಕಿಲ್ಲ. 64 ಸಾಲಿನಿಂದಲೇ 128 ಸ್ಲೈಸ್ ತೆಗೆಯುವ ಯಂತ್ರಗಳಿವೆ. ಮಿಡಿಯುವ ಹೃದಯದ ರಕ್ತನಾಳ ನೋಡುವುದಕ್ಕೆ ಹೆಚ್ಚು ಸಾಲು, ಹೆಚ್ಚು ವೇಗ ಬೇಕೇಬೇಕು. ಮೂತ್ರಪಿಂಡದ ಕಲ್ಲಿಗೆ, ತಲೆಗೆ ಪೆಟ್ಟಾದಾಗಿನ ರಕ್ತಸ್ರಾವಕ್ಕೆ 16 ಸ್ಲೈಸ್ ಸಾಮಾನ್ಯವಾಗಿ ಸಾಕು. ಬೋರ್ಡಿನ ದೊಡ್ಡ ಅಂಕಿಗಿಂತ ಸ್ಕ್ಯಾನ್ ನಿಜಕ್ಕೂ ಅಗತ್ಯವೇ, ರೋಗಿಯ ಮೈಕಟ್ಟಿಗೆ ತಕ್ಕಂತೆ ಡೋಸ್ ಇಳಿಸಿದ್ದಾರೆಯೇ ಎಂಬುದು ಮುಖ್ಯ.

ಪ್ರಶ್ನೆ: ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಬಂದ ಮೇಲೆ ಮಗುವನ್ನು ಎತ್ತಿಕೊಳ್ಳಬಹುದೇ? ಕಿರಣ ಮೈಯಲ್ಲಿ ಉಳಿದಿರುತ್ತದೆಯೇ?

ಉತ್ತರ: ಧಾರಾಳವಾಗಿ ಎತ್ತಿಕೊಳ್ಳಬಹುದು. ವಿದ್ಯುತ್ ನಿಂತ ಕ್ಷಣವೇ ಎಕ್ಸ್-ರೇ ಇಲ್ಲವಾಗುತ್ತದೆ. ಮೈಯಲ್ಲಿ, ಬಟ್ಟೆಯಲ್ಲಿ, ಕೋಣೆಯಲ್ಲಿ ಏನೂ ಉಳಿಯುವುದಿಲ್ಲ. ಪೆಟ್-ಸಿಟಿಯ ವಿಷಯ ಬೇರೆ. ಅದರಲ್ಲಿ ವಿಕಿರಣಶೀಲ ದ್ರವವನ್ನು ಚುಚ್ಚುವುದರಿಂದ ಕೆಲವು ಗಂಟೆ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಲು ಹೇಳುತ್ತಾರೆ. ಸಾದಾ ಸಿಟಿಯಲ್ಲಿ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಅಯೋಡಿನ್ ಇರುವ ದ್ರವ. ಅದು ವಿಕಿರಣ ಸೂಸುವುದಿಲ್ಲ.

ಆದರೆ ಡೋಸ್ ಸಣ್ಣದಲ್ಲ. ವಿಕಿರಣದ ಡೋಸ್ ಅಳೆಯುವ ಮಿಲಿಸೀವರ್ಟ್ ಲೆಕ್ಕದಲ್ಲಿ ತಲೆಯ ಸಿಟಿಗೆ ಸುಮಾರು 2, ಎದೆಗೆ 5ರಿಂದ 7. ಎದೆಯ ಸಾದಾ ಎಕ್ಸ್-ರೇಗೆ 0.1ಕ್ಕೂ ಕಡಿಮೆ. ಮಣ್ಣು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಗರ್ಭ ನಿಂತಿರುವ ಸಂಶಯವಿದ್ದರೆ ಯಂತ್ರದ ಕೋಣೆಗೆ ಹೋಗುವ ಮುನ್ನವೇ ತಿಳಿಸಬೇಕು. ಹಿಂದಿನ ಸ್ಕ್ಯಾನಿನ ಫಿಲ್ಮು, ಸಿಡಿ ಕೈಯಲ್ಲಿದ್ದರೆ ಅದೇ ಸ್ಕ್ಯಾನನ್ನು ಮತ್ತೆ ಮಾಡಿಸುವುದು ಎಷ್ಟೋ ಸಲ ತಪ್ಪುತ್ತದೆ. ದೇಶದಲ್ಲಿ ಯಾವುದೇ ಸಿಟಿ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಅದು ಇದೆಯೇ ಎಂದು ಸ್ಕ್ಯಾನ್ ಸೆಂಟರಿನಲ್ಲಿ ಯಾರು ಬೇಕಾದರೂ ಕೇಳಬಹುದು.