ಬಾಗಿಲಿಗೆ ಬಂದ ವಸೂಲಿ ಕಾಗದ

ಮೊದಲ ಬಾರಿ ಇಂಥ ಕಾಗದ ಕೈಗೆ ಬಂದ ಕಿರಿಯರಿಗೆ,

ಕಂತು ತಪ್ಪಿಸಿದವರಿಗೆ ಸಾಲ ವಸೂಲಿಯ ನೋಟಿಸು ಅನಿರೀಕ್ಷಿತವೇನಲ್ಲ. ಎದೆ ಧಸಕ್ಕೆನ್ನುವುದು ಉಳಿದವರಿಗೆ. ಗೆಳೆಯನ ಸಾಲಕ್ಕೆ ಎಂದೋ ಜಾಮೀನು ಹಾಕಿ ಮರೆತವರಿಗೆ, ತೀರಿಹೋದ ತಂದೆಯ ಹೆಸರಿನ ಲಕೋಟೆ ಕೈಗೆ ಬಂದ ಮಗಳಿಗೆ, ಹೆಸರು ಒಂದೇ ಆದ ತಪ್ಪಿಗೆ ಸಿಕ್ಕಿಕೊಂಡವರಿಗೆ. ಕಳಿಸಿದ ಕಂಪನಿಯ ಹೆಸರನ್ನೇ ಕೇಳಿರದಿದ್ದರೂ ಕಾಗದ ಸುಳ್ಳೆಂದು ಎಸೆಯುವಂತಿಲ್ಲ. ವಸೂಲಾಗದ ಸಾಲಗಳನ್ನು ಬ್ಯಾಂಕುಗಳು ಆಸ್ತಿ ಪುನರ್‌ರಚನಾ ಕಂಪನಿಗಳಿಗೆ ಮಾರುವುದುಂಟು.

ಅಂಚೆಯವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವುದರಿಂದ ಲಾಭವಿಲ್ಲ. ಲಕೋಟೆಯ ಮೇಲೆ ನಿರಾಕರಿಸಿದರೆಂಬ ಷರಾ ಬಿದ್ದರೆ ಕೋರ್ಟು ಅದನ್ನು ತಲುಪಿದಂತೆಯೇ ಎಣಿಸಬಹುದು. ಪಡೆದುಕೊಂಡು, ಬಂದ ದಿನಾಂಕವನ್ನು ಮೇಲೆ ಬರೆದು, ಕಾಗದದ ಜೊತೆ ಲಕೋಟೆಯನ್ನೂ ಎತ್ತಿಡಬೇಕು. ಗಡುವಿನ ಲೆಕ್ಕಕ್ಕೆ ಅಂಚೆ ಮೊಹರೇ ಸಾಕ್ಷಿ.

ಮುಂದಿನ ಕೆಲಸ ಇದು ಯಾವ ಜಾತಿಯ ಕಾಗದ ಎಂದು ಗುರುತಿಸುವುದು. ವಸೂಲಿ ಏಜೆನ್ಸಿಗಳ ಪತ್ರದಲ್ಲಿ ತಕ್ಕಡಿಯ ಚಿತ್ರ, ಕೆಂಪಕ್ಷರದ ‘ಅಂತಿಮ ಎಚ್ಚರಿಕೆ’, ಪೊಲೀಸ್ ಎಂಬ ಪದ ಇವೆಲ್ಲ ಇರಬಹುದು. ಇದ್ದ ಮಾತ್ರಕ್ಕೆ ಅದು ಕೋರ್ಟಿನ ಆದೇಶವಾಗದು. ನಿಜವಾದ ಸಮನ್ಸಿನಲ್ಲಿ ನ್ಯಾಯಾಲಯದ ಹೆಸರು, ಮೊಹರು, ದಾವಾ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಇರುತ್ತವೆ. ಆ ಸಂಖ್ಯೆಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ಸಮನ್ಸು ನಿಜವಾಗಿದ್ದರೆ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಸುಮ್ಮನೆ ಕುಳಿತರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಚೆಕ್ ಬೌನ್ಸಿನ ವಕೀಲರ ನೋಟಿಸಿಗೆ ಇರುವುದು 15 ದಿನ. ಮನೆ, ನಿವೇಶನ ಅಡವಿದ್ದು 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸು ಬಂದರೆ 60 ದಿನ. ಆ ಅವಧಿಯಲ್ಲಿ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರಿಸಲೇಬೇಕು. ಲೋಕ ಅದಾಲತ್ ನೋಟಿಸು ರಾಜಿಗೆ ಕರೆಯೇ ಹೊರತು ತೀರ್ಪಲ್ಲ. ಒಪ್ಪದಿದ್ದರೆ ಎದ್ದುಬರಬಹುದು, ಒಪ್ಪಿ ಸಹಿ ಹಾಕಿದರೆ ಮಾತ್ರ ಅದರ ಮೇಲೆ ಅಪೀಲಿಲ್ಲ.

ಉತ್ತರ ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿರಲಿ. ಸಾಲದ ಖಾತೆ ಸಂಖ್ಯೆ, ಕರಾರು ಪತ್ರದ ನಕಲು, ಮೊದಲಿನಿಂದ ಈವರೆಗಿನ ಲೆಕ್ಕ, ಸಾಲ ಕೈ ಬದಲಾಗಿದ್ದರೆ ವರ್ಗಾವಣೆಯ ದಾಖಲೆ, ಏಜೆನ್ಸಿಗೆ ಬ್ಯಾಂಕು ಕೊಟ್ಟ ಅಧಿಕಾರ ಪತ್ರ, ಇಷ್ಟನ್ನೂ ಕೇಳಬೇಕು. ಜೊತೆಗೆ ‘ಈ ಬಾಕಿಯನ್ನು ಒಪ್ಪಿಕೊಂಡಿರುವುದಿಲ್ಲ’ ಎಂಬ ಒಂದು ಸಾಲು. ಸ್ಪೀಡ್ ಪೋಸ್ಟಿನ ರಸೀದಿಯನ್ನು ನಕಲಿಗೆ ಪಿನ್ ಮಾಡಿಡಬೇಕು.

ಆ ಒಂದು ಸಾಲು ಏಕೆ ಬೇಕೆಂದರೆ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷವಷ್ಟೇ ಅವಕಾಶ. ಅದು ಮುಗಿಯುವ ಮುನ್ನ ಸಾಲಗಾರ ಬಾಕಿ ಒಪ್ಪಿ ಸಹಿ ಮಾಡಿದರೆ, ಅಥವಾ ತನ್ನ ಬರಹದ ಗುರುತಿರುವಂತೆ ಸ್ವಲ್ಪ ಹಣ ಕಟ್ಟಿದರೆ, ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ, ತೀರಿಸುತ್ತೇನೆಂದು ಸಹಿ ಮಾಡಿ ಬರೆದುಕೊಟ್ಟ ಮಾತು ಒಪ್ಪಂದ ಕಾಯ್ದೆಯ 25ನೇ ಕಲಮಿನಂತೆ ಹೊಸ ಒಪ್ಪಂದವೇ. ‘ಸದ್ಯಕ್ಕೆ ಐನೂರು ಹಾಕಿ, ಇಲ್ಲೊಂದು ಸಹಿ ಮಾಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎಂಬ ಸಮಾಧಾನದ ಮಾತಿನ ಬೆಲೆ ಇಷ್ಟು ದೊಡ್ಡದು. ತೆಗೆದ ಸಾಲವನ್ನು ಕಾಲಮಿತಿಯ ನೆವದಲ್ಲಿ ಮುಳುಗಿಸುವುದು ಸರಿಯಲ್ಲ. ಆದರೆ ಯಾರ ಸಾಲ, ಎಷ್ಟು ಬಾಕಿ ಎಂಬುದು ತಿಳಿಯದೆ ಹೆದರಿ ಸಹಿ ಹಾಕುವುದು ಅದಕ್ಕಿಂತ ದೊಡ್ಡ ಅನರ್ಥ.

ಜಾಮೀನುದಾರರ ಪಾಡು ಕಷ್ಟದ್ದು. ಅವರ ಹೊಣೆ ಸಾಲಗಾರನಷ್ಟೇ, ಅವನನ್ನು ಬಿಟ್ಟು ನೇರವಾಗಿ ಇವರ ಬಾಗಿಲಿಗೇ ಬರಬಹುದು. ವಾರಸುದಾರರಿಗೆ ಹಾಗಿಲ್ಲ. ತೀರಿಹೋದವರಿಂದ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಅವರು ಬಾಧ್ಯರು. ಏನೂ ಬಾರದಿದ್ದರೆ ತಂದೆಯ ಸಾಲಕ್ಕೆ ಮಗಳ ಸಂಬಳ ಮುಟ್ಟುವಂತಿಲ್ಲ.

ಜೈಲಿನ ಭಯ ಅನೇಕರನ್ನು ನಿದ್ದೆಗೆಡಿಸುತ್ತದೆ. ಕೈಲಾಗದೆ ಸಾಲ ತೀರಿಸದವರನ್ನು ಬಡತನದ ಕಾರಣಕ್ಕೇ ಸೆರೆಗೆ ಹಾಕಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಡಿಕ್ರಿಯಾಗಿ ಜಪ್ತಿಗೆ ಬಂದರೂ ಅಡುಗೆ ಪಾತ್ರೆ, ಹಾಸಿಗೆ, ರೈತನ ಉಳುವ ಸಲಕರಣೆ, ಬಿತ್ತನೆ ಬೀಜ, ಹೆಣ್ಣುಮಕ್ಕಳು ಸಂಪ್ರದಾಯದಂತೆ ತೆಗೆಯಬಾರದ ಆಭರಣ ಇವನ್ನು ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ತಾಳಿಯನ್ನು ಕಾಯುವುದು ಹೀಗೆ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಬಾರದೆಂಬುದು ರಿಸರ್ವ್ ಬ್ಯಾಂಕಿನ 2022ರ ಸೂಚನೆ. ನೆಂಟರಿಷ್ಟರ ಮುಂದೆ ಮಾನ ಕಳೆಯುವುದೂ ನಿಷಿದ್ಧ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ. ಕಿರುಸಾಲದ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ವಕೀಲರ ಶುಲ್ಕ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ.

ಬಾಕಿ ನಿಜವೆಂದು ತಿಳಿದು ಕಟ್ಟುವುದಾದರೆ ಏಜೆಂಟರ ಕೈಗೆ ನಗದು ಕೊಡದೆ ಸಾಲದ ಖಾತೆಗೇ ಕಟ್ಟಬೇಕು. ರಾಜಿ ಮೊತ್ತ ಮೊದಲೇ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಬರಬೇಕು. ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು. ಅಡವಿಟ್ಟ ಆಸ್ತಿಯ ಮೂಲಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಮರಳಿಸಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು.

ಇತಿ ಆಶೀರ್ವಾದಗಳು.