ಗೋಡೆಯ ನ್ಯಾನೋ ಕಣ ಎಲ್ಲಿಗೆ ಹೋಗುತ್ತದೆ?

ಬಣ್ಣದ ಅಂಗಡಿಗೆ ಹೋದವರು ಈಚೆಗೆ ಕೆಲವು ಡಬ್ಬಿಗಳ ಮೇಲೆ ‘ನ್ಯಾನೋ’ ಎಂಬ ಪದವನ್ನು ಕಂಡಿರಬೇಕು. ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳುವ ಬಣ್ಣ, ಬೂಷ್ಟು ಹಿಡಿಯದ ಬಣ್ಣ, ನೀರು ಕುಡಿಯದ ಲೇಪ, ಹೆಚ್ಚು ಗಟ್ಟಿಯಾದ ಕಾಂಕ್ರೀಟು ಎಂದು ಅದರ ಗುಣಗಾನ ಸಾಗುತ್ತದೆ. ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಗಾರೆ ಕೆಲಸದವರೂ ಬಣ್ಣದ ಕೆಲಸದವರೂ ಇದ್ದಾರೆ. ಆ ಕೆಲಸದ ಲೆಕ್ಕ ಬರೆಯುವ ಗುಮಾಸ್ತರೂ ಇದ್ದಾರೆ. ಆದಕಾರಣ ಈ ಹೊಸ ಪದಾರ್ಥಗಳಿಂದ ಗಾಳಿಗೆ, ನೀರಿಗೆ, ಮನುಷ್ಯನ ದೇಹಕ್ಕೆ ಆಗುವ ಪರಿಣಾಮವನ್ನು ತಜ್ಞರು ಹೇಗೆ ತೂಗಿ ನೋಡುತ್ತಾರೆಂಬುದನ್ನು ಈ ಸಲ ವಿಚಾರ ಮಾಡೋಣ.

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೋಮೀಟರು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರು. 1ರಿಂದ 100 ನ್ಯಾನೋಮೀಟರಿನೊಳಗಿನ ಕಣಗಳನ್ನು ನ್ಯಾನೋ ಕಣಗಳೆನ್ನುವರು. ವಸ್ತು ಹಳೆಯದೇ ಇರಬಹುದು. ಇಷ್ಟು ಸಣ್ಣದಾದಾಗ ಅದರ ಸ್ವಭಾವ ಬದಲಾಗುತ್ತದೆ. ಏಕೆ? ಒಂದು ಸೆಂಟಿಮೀಟರು ಉದ್ದ, ಅಗಲ, ಎತ್ತರವುಳ್ಳ ಒಂದು ತುಂಡನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರು. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದೆವೆನ್ನಿ. ಆಗ ಎಲ್ಲ ಮುಖಗಳನ್ನೂ ಕೂಡಿಸಿದರೆ 6,000 ಚದರ ಮೀಟರು, ಎಂದರೆ ಸುಮಾರು ಒಂದೂವರೆ ಎಕರೆ ಹೊಲ! ತೂಕ ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಗಾಳಿ ನೀರು ಬೆಳಕು ತಾಗುವ ಜಾಗ ಮಾತ್ರ 1 ಕೋಟಿ ಪಟ್ಟಾಯಿತು. ಇದರ ಗುಣವೂ ಇಲ್ಲಿಯೇ, ದೋಷವೂ ಇಲ್ಲಿಯೇ.

ಬಿಳಿ ಬಣ್ಣಕ್ಕೆ ಹಾಕುವ ಟೈಟಾನಿಯಂ ಡೈಆಕ್ಸೈಡನ್ನು ನೋಡಿರಿ. ಬೆಳಕು ಬಿದ್ದಾಗ ಅದು ನೀರನ್ನು ಒಡೆಯಲು ನೆರವಾಗುತ್ತದೆಂದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು. ಅದರ ನುಣ್ಣನೆಯ ಪುಡಿಯನ್ನು ಸಿಮೆಂಟಿಗೆ ಬೆರೆಸಿದರೆ, ಬಿಸಿಲಿಗೆ ಒಡ್ಡಿದ ಗೋಡೆ ಮೇಲೆ ಕೂತ ಕೊಳೆಯನ್ನು ತಾನೇ ಕಳೆಯುತ್ತದೆ. 2003ರಲ್ಲಿ ರೋಮ್ ನಗರದಲ್ಲಿ ಪೂರ್ತಿಯಾದ ಜೂಬಿಲಿ ಚರ್ಚಿಗೆ ಇಂಥದೇ ಸಿಮೆಂಟನ್ನು ಬಳಸಿದರು. ಇಂಥ ಗೋಡೆಗಳು ಊರಿನ ಹೊಗೆಯನ್ನೂ ನುಂಗುತ್ತವೆಂದು ಆಮೇಲೆ ಪ್ರಚಾರವಾಯಿತು. ಬ್ರಿಟನ್ ಸರಕಾರದ ವಾಯುಗುಣ ತಜ್ಞರ ತಂಡ 2016ರಲ್ಲಿ ಇದನ್ನು ಪರಿಶೀಲಿಸಿ, ಊರಿನ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡು ಇಳಿಯುವುದೆಂಬುದಕ್ಕೆ ಆಧಾರ ಬಹಳ ಕಡಿಮೆಯೆಂದು ತಿಳಿಸಿತು. ಜಾಹೀರಾತು ಬೇರೆ, ಲೆಕ್ಕ ಬೇರೆ.

ಈ ಲೆಕ್ಕಕ್ಕೆ ಜೀವನಚಕ್ರ ವಿಶ್ಲೇಷಣೆ ಎಂದು ಹೆಸರು; 1997ರಲ್ಲಿ ಅದಕ್ಕೆ ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ನಿಯಮಾವಳಿಯೂ ಬಂದಿತು. ಕಚ್ಚಾಮಾಲಿನಿಂದ ಹಿಡಿದು ಕಸವಾಗುವವರೆಗೆ ಪ್ರತಿ ಹಂತದ ಜಮಾ-ಖರ್ಚನ್ನು ಬರೆಯಬೇಕು. ಸಿಮೆಂಟನ್ನು ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟಿನದು. ಚೂರು ನ್ಯಾನೋ ಸಿಲಿಕಾ ಬೆರೆಸಿ ಸಿಮೆಂಟನ್ನು ಉಳಿಸಿದರೆ ಅದು ಜಮಾ. ಆ ಪುಡಿಯನ್ನು ತಯಾರಿಸಲು ಹಿಡಿಯುವ ಶಕ್ತಿ ಖರ್ಚು. ಆದುದರಿಂದ ಕಿಲೋಗೆ ಕಿಲೋ ಹೋಲಿಸಿದರೆ ಪ್ರಯೋಜನವಿಲ್ಲ. ಒಂದು ಚದರ ಮೀಟರು ಗೋಡೆ ಇಪ್ಪತ್ತು ವರ್ಷ ಬಾಳಲು ಏನೇನು ಬೇಕಾಯಿತೆಂದು ಹೋಲಿಸಬೇಕು.

ಆದರೆ ಈ ಖಾತೆಯಲ್ಲಿ ಒಂದು ಕಲಮು ಬಹುಕಾಲ ಖಾಲಿಯೇ ಉಳಿದಿತ್ತು: ಕಣ ಎಲ್ಲಿಗೆ ಹೋಯಿತು? ಸ್ವಿಟ್ಜರ್ಲೆಂಡಿನ ಜಲಸಂಶೋಧಕರು ಹೊರಗೋಡೆಗಳಿಂದ ಇಳಿದ ಮಳೆನೀರನ್ನು ಹಿಡಿದು ಪರೀಕ್ಷಿಸಿ, ಬಣ್ಣದ ಟೈಟಾನಿಯಂ ಕಣಗಳು ಅದರಲ್ಲಿರುವುದನ್ನು 2008ರಲ್ಲಿ ತೋರಿಸಿದರು. ಅನಂತರ ನ್ಯಾನೋ ಬೆಳ್ಳಿ ಬೆರೆಸಿದ ಬಣ್ಣವನ್ನು ಒಂದು ಮಾದರಿ ಮನೆಗೆ ಬಳಿದು ವರ್ಷವಿಡೀ ಮಳೆಗೆ ಬಿಟ್ಟರು. ಬೆಳ್ಳಿಯಲ್ಲಿ ನೂರಕ್ಕೆ 30 ಪಾಲಿಗಿಂತ ಹೆಚ್ಚು ತೊಳೆದುಹೋಗಿತ್ತು. ಅತಿ ಹೆಚ್ಚು ಹೋದದ್ದು ಮೊದಮೊದಲ ಮಳೆಗಳಲ್ಲಿ. ಅದು ಗಂಧಕದೊಡನೆ ಕೂಡಿ ಕಡಿಮೆ ವಿಷದ ರೂಪಕ್ಕೆ ತಿರುಗುವುದುಂಟೆಂಬುದನ್ನೂ ಹೇಳಬೇಕು. ಆದರೂ ಮುಂಬಯಿಯ ಮಳೆಗಾಲವನ್ನು ಕಂಡ ನಮಗೆ ಆ ಮೊದಲ ಮಳೆಯ ಮಾತು ಮನಸ್ಸಿಗೆ ತಟ್ಟದಿರದು. ಇಲ್ಲಿ ಗೋಡೆಯ ನೀರು ಮೋರಿಗೆ, ಮೋರಿಯ ನೀರು ಸಮುದ್ರಕ್ಕೆ.

ಇನ್ನು ಕೆಲಸಗಾರನ ಮಾತು. ಗಟ್ಟಿಯಾದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳಿನಲ್ಲಿ ನ್ಯಾನೋ ಕಣಗಳು ಬಹುಮಟ್ಟಿಗೆ ಬಣ್ಣದ ಚೂರಿಗೆ ಅಂಟಿಕೊಂಡೇ ಇರುತ್ತವೆ; ಒಂಟಿಯಾಗಿ ಹಾರುವುದು ಕಡಿಮೆ. ಹೆಚ್ಚಿನ ಭಯ ಒಣಪುಡಿಯ ಚೀಲವನ್ನು ಬಿಚ್ಚಿ ಸುರಿಯುವಾಗ. ಎಂದರೆ ಅಪಾಯ ಮನೆಯಲ್ಲಿ ವಾಸಿಸುವವನಿಗಿಂತ ಮನೆ ಕಟ್ಟುವವನಿಗೂ ಕೆಡಹುವವನಿಗೂ ಹತ್ತಿರ. ಅಮೆರಿಕದ ಕಾರ್ಮಿಕಾರೋಗ್ಯ ಸಂಸ್ಥೆಯಾದ ನಯೋಷ್ 2011ರಲ್ಲಿ ಸಾಧಾರಣ ಟೈಟಾನಿಯಂ ಧೂಳಿಗೆ ಒಂದು ಘನ ಮೀಟರು ಗಾಳಿಯಲ್ಲಿ 2.4 ಮಿಲಿಗ್ರಾಂ ಮಿತಿಯೆಂದೂ ಅತಿಸೂಕ್ಷ್ಮ ಧೂಳಿಗೆ ಬರಿಯ 0.3 ಮಿಲಿಗ್ರಾಂ ಎಂದೂ ಸೂಚಿಸಿತು. ಅದೇ ಪದಾರ್ಥ, ಎಂಟರಲ್ಲೊಂದು ಪಾಲಿನ ಮಿತಿ! ಕಾಂಕ್ರೀಟಿಗೆ ಬಲ ಕೊಡಲು ಪ್ರಯೋಗಿಸುತ್ತಿರುವ ಇಂಗಾಲದ ನ್ಯಾನೋ ನಳಿಗೆಗಳ ವಿಷಯ ಇನ್ನೂ ಗಂಭೀರ. ಉದ್ದನೆಯ ನಳಿಗೆಗಳು ಇಲಿಗಳ ದೇಹದಲ್ಲಿ ಆಸ್ಬೆಸ್ಟಾಸಿನಂತೆ ಉರಿಯೂತ ಉಂಟುಮಾಡಿದುದು 2008ರಲ್ಲಿ ಪ್ರಕಟವಾಯಿತು. ಆಸ್ಬೆಸ್ಟಾಸನ್ನೂ ಒಂದು ಕಾಲದಲ್ಲಿ ಅದ್ಭುತ ವಸ್ತುವೆಂದೇ ಮಾರಿದರು. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧವಾಗಲು 1999ರವರೆಗೆ ಕಾಯಬೇಕಾಯಿತು.

ಫ್ರಾನ್ಸಿನಲ್ಲಿ 2013ರಿಂದ ನ್ಯಾನೋ ಪದಾರ್ಥಗಳನ್ನು ತಯಾರಿಸುವವರೂ ತರಿಸುವವರೂ ವರ್ಷವರ್ಷವೂ ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಇಂಥ ದಫ್ತರು ಎಲ್ಲ ಕಡೆಯೂ ಬೇಕೆಂದು ನಮ್ಮ ಅಭಿಪ್ರಾಯ. ಇಲ್ಲವಾದರೆ ನಲವತ್ತು ವರ್ಷ ಕಳೆದ ಮೇಲೆ ಗೋಡೆ ಒಡೆಯುವವನಿಗೆ ಅದರಲ್ಲೇನಿತ್ತೆಂದು ಹೇಳುವವರಾರು?

ಅಲ್ಲಿಯವರೆಗೆ ಧೂಳಿನ ಕೆಲಸದವರು ಒಣನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸುವುದು, ಗೋಡೆಯನ್ನು ನೆನೆಸಿ ಉಜ್ಜುವುದು ಒಳ್ಳೆಯದು. ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು. ಎನ್-95 ಮುಸುಕು ಬೇಕು. ಇಷ್ಟು ಸಣ್ಣ ಕಣ ಅದರೊಳಗೆ ತೂರಿಹೋಗದೆ ಎಂದು ಕೆಲವರು ಕೇಳಬಹುದು. ಅತಿ ಸಣ್ಣ ಕಣ ನೆಟ್ಟಗೆ ಸಾಗುವುದಿಲ್ಲ. ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ತುಯ್ದಾಡಿ ಮುಸುಕಿನ ನಾರಿಗೆ ಅಂಟಿಕೊಳ್ಳುತ್ತದೆ. ಮುಸುಕಿಗೂ ಕೆನ್ನೆಗೂ ನಡುವೆ ಸಂದಿ ಬಿಟ್ಟರೆ ಮಾತ್ರ ಆ ದಾರಿಯಿಂದ ಒಳಗೆ ಹೋಗುತ್ತದೆ.