ಸರೋವರಕ್ಕೆ ಬೇಸಿಗೆ ತಡವೇಕೆ?

ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠವೆಂದು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಅದರ ಪರಿಣಾಮವನ್ನು ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ ನೋಡಿ. ಅದರ ಗರಿಷ್ಠ ಆಳ 406 ಮೀಟರ್. ಚಳಿಗಾಲ ಕಳೆದು ಬಿಸಿಲೇರಿದಾಗ, 4 ಡಿಗ್ರಿಯತ್ತ ಕಾಯುವ ಮೇಲ್ಪದರದ ನೀರು ಭಾರವಾಗಿ ಕೆಳಗಿಳಿಯುತ್ತದೆ. ಇನ್ನೂ ತಣ್ಣಗಿರುವ ನೀರು ಮೇಲೇರುತ್ತದೆ. ಈ ಬೆರಕೆ ಮುಗಿದ ಮೇಲೆಯೇ ಬೆಚ್ಚನೆಯ ಪದರ ಮೇಲೆ ನಿಲ್ಲುತ್ತದೆ. ಆದ್ದರಿಂದ ಜೂನ್‌ನಲ್ಲಿ ದಡ ಬಿಸಿಯಾಗಿದ್ದರೂ ನಡುನೀರು ಕೊರೆಯುತ್ತಿರುತ್ತದೆ. ಈಜಲು ಆಗಸ್ಟ್ ವಾಸಿ.

ಸುಮಾರು 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಹಠಾತ್ತನೆ ಬಿದ್ದರೆ ದೇಹ ತಾನಾಗಿಯೇ ಉಸಿರೆಳೆದುಕೊಳ್ಳುತ್ತದೆ. ಆಗ ನೀರು ಒಳಹೊಕ್ಕರೆ ನುರಿತ ಈಜುಗಾರನೂ ಮುಳುಗಬಹುದು. ಹಾಗೆ ಬಿದ್ದವರು ಮೊದಲು ಅಂಗಾತ ತೇಲಬೇಕು, ಉಸಿರು ಹತೋಟಿಗೆ ಬಂದ ನಂತರ ಈಜಬೇಕು. ದಡದ ಬಿಸಿಲನ್ನು ನಂಬಿ ನೀರಿಗಿಳಿಯಬೇಡಿ.